ಒಂದೇ ರಬ್ಬರ್, ಮೂರು ಪರೀಕ್ಷೆ

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಾನು ಸೋರಿಕೆ ತಡೆಯುವ ಒಂದು ರಬ್ಬರ್ ಸೀಲ್‌ನ ಕಂಪ್ಯೂಟರ್ ಸಿಮ್ಯುಲೇಷನ್ ಮಾಡುತ್ತಿದ್ದೆ. ರಬ್ಬರ್ ಪಟ್ಟಿಯನ್ನು ಎಳೆದು ಅಳೆದ ಡೇಟಾ ಕೈಯಲ್ಲಿತ್ತು. ಅದಕ್ಕೆ ಮೂನಿ-ರಿವ್ಲಿನ್ ಮಾಡೆಲ್ ಹೊಂದಿಸಿದೆ. ರಬ್ಬರ್ ಎಷ್ಟು ಹಿಗ್ಗಿದರೆ ಎಷ್ಟು ಬಿಗಿ ಅನ್ನುವುದನ್ನು ಎರಡು ಸಂಖ್ಯೆಗಳಿಂದ ಹೇಳುವ ಸೂತ್ರ ಅದು. ಲೆಕ್ಕದ ಗೆರೆ, ಟೆಸ್ಟಿನ ಗೆರೆ ಎರಡೂ ಒಂದರ ಮೇಲೊಂದು ಕೂತವು. ತುಂಬಾ ಖುಷಿಯಾಯಿತು. ಆದರೆ ಸೀಲ್ ತಯಾರಾಗಿ ಬಂದ ಮೇಲೆ ಒತ್ತಿ ನೋಡಿದರೆ, ಲೆಕ್ಕ ಹೇಳಿದ್ದಕ್ಕಿಂತ ಅದು ಎಷ್ಟೋ ಮೆತ್ತಗಿತ್ತು.

ಎಡವಿದ್ದು ಎಲ್ಲಿ? ಮೊದಲು ಅಳತೆಯ ಮೇಲೇ ಅನುಮಾನ ಬಂತು. ಪಟ್ಟಿ ಹಿಡಿತದಿಂದ ಜಾರಿದರೆ ಡೇಟಾ ಕೆಡುತ್ತದೆ. ಎರಡು ಪಟ್ಟು ಎಳೆದಾಗ ಪಟ್ಟಿಯ ಅಡ್ಡಗಾತ್ರ (ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ) ಅರ್ಧಕ್ಕೆ ಇಳಿಯುತ್ತದೆ. ಸ್ಟ್ರೆಸ್ ಅಂದರೆ ಎಳೆಯುವ ಬಲವನ್ನು ಅಡ್ಡಗಾತ್ರದಿಂದ ಭಾಗಿಸಿದ್ದು. ಹಳೆಯ ಅಡ್ಡಗಾತ್ರದಿಂದ ಭಾಗಿಸಿದ ಸ್ಟ್ರೆಸ್ಸನ್ನೇ ನಿಜವಾದ ಸ್ಟ್ರೆಸ್ ಅಂದುಕೊಂಡರೆ ನೇರ ಎರಡು ಪಟ್ಟು ತಪ್ಪು. ಇದೆಲ್ಲ ಸರಿಯಾಗಿಯೇ ಇತ್ತು.

ತಪ್ಪು ಇದ್ದದ್ದು ಡೇಟಾದ ಆಯ್ಕೆಯಲ್ಲಿ. ರಬ್ಬರನ್ನು ಒತ್ತಿದರೆ ಅದರ ಒಟ್ಟು ಗಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮೇಲಿಂದ ಒತ್ತಿದಷ್ಟೂ ಅಕ್ಕಪಕ್ಕಕ್ಕೆ ಹಿಗ್ಗಲೇಬೇಕು, ಅಲ್ವಾ? ಹಾಗಾಗಿ ಒತ್ತುವುದು ಅಂದರೆ ಎರಡು ದಿಕ್ಕಿಗೂ ಸಮನಾಗಿ ಎಳೆದ ಹಾಗೆಯೇ. ನನ್ನ ಹತ್ತಿರ ಇದ್ದದ್ದು ಒಂದೇ ದಿಕ್ಕಿನ ಎಳೆತ. ಮೂನಿ-ರಿವ್ಲಿನ್‌ನ ಎರಡನೇ ಸಂಖ್ಯೆ ಎಳೆತದ ಗೆರೆಯನ್ನು ಚೆನ್ನಾಗಿ ಕೂರಿಸುತ್ತದೆ. ಒತ್ತುವಾಗ ಅದೇ ಸಂಖ್ಯೆ ರಬ್ಬರನ್ನು ಸುಮ್ನೆ ಗಟ್ಟಿ ಮಾಡಿಬಿಡುತ್ತದೆ.

ಇದಕ್ಕೇ ನನಗೆ ರಬ್ಬರ್ ವಿಜ್ಞಾನಿ ಟ್ರೆಲೋರ್ ಅವರ 1944ರ ಪ್ರಯೋಗದ ಮೇಲೆ ಅಷ್ಟು ಗೌರವ. ಇಂಗ್ಲೆಂಡಿನಲ್ಲಿ ಅವರು ಒಂದೇ ಬಗೆಯ ರಬ್ಬರನ್ನು ಮೂರು ರೀತಿಯಲ್ಲಿ ಪರೀಕ್ಷೆ ಮಾಡಿದರು. ಪಟ್ಟಿಯನ್ನು ಅದರ ಉದ್ದದ ಏಳು ಪಟ್ಟಿಗಿಂತಲೂ ಜಾಸ್ತಿ ಎಳೆದರು. ಹಾಳೆಯನ್ನು ಗಾಳಿ ತುಂಬಿ ಪೂರಿಯ ಹಾಗೆ ಉಬ್ಬಿಸಿದರು, ಅಂದರೆ ಎರಡೂ ದಿಕ್ಕಿಗೆ ಎಳೆದರು. ಅಗಲ ಬದಲಾಗದ ಹಾಗೆ ಹಿಡಿದು ಎಳೆದರು. ಮೂನಿ-ರಿವ್ಲಿನ್‌ಗಿಂತ ಸರಳವಾದ ನಿಯೋ-ಹೂಕಿಯನ್ ಮಾಡೆಲ್‌ನಲ್ಲಿ ಇರುವುದು ಒಂದೇ ಸಂಖ್ಯೆ, ರಬ್ಬರಿನ ಬಿಗಿ. ಆ ರಬ್ಬರಿಗೆ ಅದು ಸುಮಾರು 0.4 ಮೆಗಾಪಾಸ್ಕಲ್. ಎಳೆತ ಕಡಿಮೆ ಇರುವಾಗ ಅದೊಂದೇ ಸಂಖ್ಯೆ ಮೂರೂ ಪರೀಕ್ಷೆಗೆ ಒಗ್ಗುತ್ತದೆ. ಜಾಸ್ತಿ ಎಳೆದಾಗ ಕೈಕೊಡುತ್ತದೆ. ಅಲ್ಲಿ ಪಾಲಿಮರ್ ಸರಪಳಿಗಳು, ಅಂದರೆ ರಬ್ಬರಿನ ಉದ್ದುದ್ದ ಅಣುಗಳು, ಬಿಗಿದು, ರಬ್ಬರ್ ಒಮ್ಮೆಲೇ ಗಟ್ಟಿಯಾಗುತ್ತದೆ.

1972ರಲ್ಲಿ ಆಗ್ಡೆನ್ ಎನ್ನುವವರು ತಮ್ಮ ಮಾಡೆಲ್‌ನ ಆರು ಸಂಖ್ಯೆಗಳಿಂದ ಮೂರೂ ಗೆರೆಗಳನ್ನು ಹಿಡಿದರು. 1993ರ ಅರುಡಾ-ಬಾಯ್ಸ್ ಮಾಡೆಲ್‌ಗೆ ಎರಡೇ ಸಂಖ್ಯೆ ಸಾಕು. ನನಗೆ ಹಿಡಿಸಿದ್ದು ಇದು. ಒಂದು ಸಂಖ್ಯೆ ಶುರುವಿನ ಬಿಗಿ ಹೇಳುತ್ತದೆ, ಇನ್ನೊಂದು ಸರಪಳಿ ಎಲ್ಲಿಯವರೆಗೆ ಹಿಗ್ಗಬಲ್ಲದು ಅನ್ನುವುದನ್ನು.

ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಬೆರೆಸಿದ ರಬ್ಬರಿನದು ಇನ್ನೂ ಒಂದು ವಿಷಯವಿದೆ. ಮೊದಲ ಸಲ ಎಳೆದಾಗ ಇದ್ದ ಬಿಗಿ ಎರಡನೇ ಸಲ ಇರುವುದಿಲ್ಲ. ಇದಕ್ಕೆ ಮಲ್ಲಿನ್ಸ್ ಪರಿಣಾಮ ಅನ್ನುತ್ತಾರೆ. ಡೇಟಾ ಎಷ್ಟನೇ ಎಳೆತದ್ದು ಎಂದು ಲ್ಯಾಬಿನವರನ್ನು ಕೇಳಲೇಬೇಕು.

ಕೊನೆಗೆ ನಾನು ಒತ್ತುವ ಪರೀಕ್ಷೆಯ ಡೇಟಾವನ್ನೂ ಸೇರಿಸಿ ಮತ್ತೆ ಹೊಂದಿಸಿದೆ. ಎಳೆತದ ಗೆರೆ ಮೊದಲಿನಷ್ಟು ಅಂದವಾಗಿ ಕೂರಲಿಲ್ಲ. ಸೀಲ್‌ನ ಲೆಕ್ಕ ಮಾತ್ರ ಅಳತೆಗೆ ಹತ್ತಿರ ಬಂತು.