ನಮ್ಮ ಕಡಿ ಸುದ್ದಿ ಹ್ಯಾಂಗ ತಿರಗಾಡತಿತ್ತು

ಎಲ್ಲರಿಗೂ ಶರಣು. ಈ ಬಿಸಲಾಗ ಇಷ್ಟು ಮಂದಿ ಬರ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ, ಫ್ಯಾನ್ ಕೆಳಗ ಜಾಗಾ ಸಿಕ್ಕವರು ಪುಣ್ಯವಂತರು, ಉಳಿದವರು ಜರಾ ಅಡ್ಜಸ್ಟ್ ಮಾಡ್ಕೋರಿ.

ನನಗ ಕೊಟ್ಟ ವಿಷಯ ಏನಂದ್ರ, 1950-60ರ ಆಸುಪಾಸು ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡಿ ಸಣ್ಣ ಊರಾಗ ದಿನದ ಸುದ್ದಿ ಹ್ಯಾಂಗ ಬರ್ತಿತ್ತು, ಮತ್ತ ಮನಿಯಾಗ ಮಂದಿ ಹೊತ್ತು ಹ್ಯಾಂಗ ಕಳೀತಿದ್ರು ಅಂತ. ಕೊಟ್ಟವರು ಇದನ್ನ ಎರಡು ವಿಷಯ ಅಂತ ಕೊಟ್ಟಾರ. ಆದ್ರ ಹಿರೇರ ಹತ್ತಿರ ಕೂತು ಕೇಳಿ ಬರಕೊಂಡಿದ್ದು ನೋಡಿದ್ರ ನನಗೇನು ಇವು ಎರಡು ಅನ್ಸಲಿಲ್ರಿ. ಪದಾ ಹಾಡಾಂವನೇ ಸುದ್ದಿ ಹೇಳಾಂವ, ಪುರಾಣ ಕೇಳ್ಲಾಕ ಕೂತ ಕಟ್ಟಿಮ್ಯಾಲೇ ಯಾರ ಎತ್ತು ಸತ್ತದ ಯಾರ ಮಗಳಿಗಿ ಗಂಡು ನೋಡಿ ಹೋಗ್ಯಾರ ಅನ್ನೋದು ಗೊತ್ತಾಗ್ತಿತ್ತು. ಸುದ್ದಿಗಿ ಒಂದು ಟೈಮು, ಮನರಂಜನಿಗಿ ಒಂದು ಟೈಮು ಅಂತ ಬ್ಯಾರೆ ಆಗಿದ್ದು ರೇಡಿಯೋ ಬಂದ ಮ್ಯಾಲ. ಅದನ್ನೇ ಇವತ್ತು ಹೇಳ್ತೀನಿ.

ಮೊದಲ ಒಂದು ಮಾತು ನೆನಪಿರಲಿ, ನಾವು 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಸಂಸ್ಥಾನದಾಗ ಇದ್ದವರು, ಆಮ್ಯಾಲ ಎಂಟು ವರ್ಷ ಹೈದರಾಬಾದ್ ರಾಜ್ಯ, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಸೇರಿದ್ವಿ. ಸರ್ಕಾರದ ಭಾಷಾ ಉರ್ದು. ನಿಜಾಮನ ಕಾಲದಾಗ ಗಸ್ತಿ ನಿಶಾನ್ 53 ಅಂತ ಒಂದು ಹುಕುಂ ಇತ್ತು, ಪರವಾನಗಿ ಇಲ್ಲದ ಸಭಾ ಮಾಡೋ ಹಾಂಗ ಇರ್ಲಿಲ್ಲ. ಅಂದ್ರ ನಾಕು ಮಂದಿ ಕೂಡಿ ಮೈಕ್ ಹಿಡದು ಮಾತಾಡೋದೇ ದೊಡ್ಡ ಗುನ್ಹಾ. ಆದ್ರ ಭಜನಿಗಿ, ಪುರಾಣಕ್ಕ, ಜಾತ್ರಿಗಿ ಮಂದಿ ಕೂಡೋದನ್ನ ಯಾರು ನಿಲ್ಲಸ್ತಾರ? ಸುದ್ದಿ ಅಲ್ಲೇ ಸೇರಕೊಂಡ್ತು.

ಸರ್ಕಾರದ ಸುದ್ದಿ ಬರ್ತಿದ್ದುದು ಡಂಗರಾದಿಂದ. ಸಂಜಿಕಡಿ, ಹೊಲದಿಂದ ಮಂದಿ ವಾಪಸ್ ಬಂದು ಕೈಕಾಲು ತೊಳಕೊಳ್ಳೋ ಹೊತ್ತಿಗಿ, ಅಗಸಿಯಿಂದ ಶುರು ಮಾಡಿ ಓಣಿ ಓಣಿಗಿ ನಿಂತು ಹಲಗಿ ಬಡದು ಸಾರೋದು. ತಹಸೀಲ್ದಾರ್ ಸಾಹೇಬ್ರು ಬರ್ಲಕತ್ತಾರ, ಸರ್ಕಾರಕ್ಕ ಕಡ್ಡಾಯ ಕೊಡೋ ಲೇವಿ ಜ್ವಾಳ ಕೊಡ್ಬೇಕು, ದನ ಕೊಂಡವಾಡಕ್ಕ ಬಿದ್ದಾವ ಬಿಡಿಸ್ಕೋರಿ, ನಾಳಿ ಸೂಜಿ ಹಾಕೋರು ಬರ್ತಾರ ಮಕ್ಕಳನ್ನ ಕರಕೊಂಡು ಬರ್ರಿ. ಮಾಲಿ ಪಟೇಲ, ಪೊಲೀಸ್ ಪಟೇಲ ಹೇಳಿಕೊಟ್ಟ ಮಾತು ಅದು, ಉರ್ದು ಕಾಗದದಾಗ ಬಂದಿದ್ದು ಊರ ಲೆಕ್ಕ ಬರಿಯೋ ಪಟವಾರಿ ಬಾಯಿಂದ ಕನ್ನಡ ಆಗಿ, ಹಲಗಿ ಬಡಿಯೋನ ಬಾಯಾಗ ಇನ್ನಷ್ಟು ಸಣ್ಣ ಆಗಿ ಮಂದಿಗಿ ಮುಟ್ಟತಿತ್ತು. ಒಬ್ಬ ಅಜ್ಜ ನನಗ ಹೇಳಿದ್ರು, ಡಂಗರಾ ಸಾರೋವನು ಸರ್ಕಾರದ ಮಾತು ಮುಗಿಸಿದ ಮ್ಯಾಲ ತನ್ನದೊಂದು ಮಾತು ಸೇರಸ್ತಿದ್ದ ಅಂತ, ‘ಹೋಗ್ರಿ ಬಿಡ್ರಿ ನಿಮ್ಮ ಇಷ್ಟ’ ಅನ್ನೋ ಹಾಂಗ, ಮಂದಿ ಅದಕ್ಕೇ ನಗಲಾಕ ಕಾಯ್ತಿದ್ರಂತ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಇಡೀ ಊರಿಗಿ ಸುದ್ದಿ ಮುಟ್ಟಸ್ತಿದ್ದಾಂವ ಊರ ಹೊರಗಿನ ಕೇರಿಯಾಂವ. ಅವನ ದನಿ ಎಲ್ಲಾರ ಮನಿ ಒಳಗ ಹೋಗ್ತಿತ್ತು, ಅವನಿಗಿ ಮಾತ್ರ ಗುಡಿಯೊಳಗ, ಚಾದಂಗಡಿಯೊಳಗ ಜಾಗಾ ಇರ್ಲಿಲ್ಲ, ಚಾ ಕುಡಿಯೋ ಕಪ್ಪೂ ಬ್ಯಾರೆ. ಸಾವಿನ ಸುದ್ದಿ ಹತ್ತು ಹರದಾರಿ ನಡಕೊಂಡು ಬೀಗರೂರಿಗಿ ಮುಟ್ಟಸೋ ಕೆಲಸನೂ ಅವನದೇ, ಅದಕ್ಕ ಸಿಗ್ತಿದ್ದುದು ಸೇರು ಜ್ವಾಳ. ಹಿಂದಿನ ಕಾಲ ಭಾಳ ಚಲೋ ಇತ್ತು, ಮಂದಿ ಮಂದಿ ನಡುವೆ ಮಾತುಕತಿ ಇತ್ತು ಅಂತ ವಾಟ್ಸಾಪಿನಾಗ ಕಳಸ್ತೀರಲ್ಲ, ಆವಾಗ ಈ ಮನುಷ್ಯಾನ್ನೂ ಜರಾ ನೆನಸ್ರಿ.

ಇನ್ನ ಬಸ್ಸು. ವಸ್ತಿ ಬಸ್ ಗೊತ್ತಲ್ಲ ನಿಮಗ, ರಾತ್ರಿ ಊರಿಗಿ ಬಂದು ಅಲ್ಲೇ ನಿಂತು ಮುಂಜಾನಿ ನಸುಕಿನಾಗ ವಾಪಸ್ ಹೋಗೋದು. ಅದು ಬರೋ ಹೊತ್ತಿಗಿ ಕೆಲಸ ಇದ್ದವರೂ ಇಲ್ಲದವರೂ ಕಟ್ಟಿಮ್ಯಾಲ ಹಾಜರ್. ಯಾರು ಇಳದ್ರು, ಕೈಯಾಗ ಏನದ, ಟ್ರಂಕ್ ತಂದಾರ ಅಂದ್ರ ಭಾಳ ದಿನ ಇರ್ತಾರ, ಬರೇ ಚೀಲ ಇದ್ರ ನಾಳಿ ಹೋಗ್ತಾರ, ಹೆಣ್ಣುಮಗಳು ಒಬ್ಬಾಕಿನೇ ಇಳದ್ಲು ಅಂದ್ರ ಗಂಡನ ಮನಿಯಾಗ ಏನೋ ಆಗ್ಯಾದ. ಬಸ್ಸಿಂದ ಇಳದಾಕಿ ಮನಿ ಬಾಗಲಿಗಿ ಮುಟ್ಟೂದ್ರೊಳಗ ಸುದ್ದಿ ಮನಿಗಿ ಮುಟ್ಟಿರ್ತಿತ್ತು. ಕಂಡಕ್ಟರ್ ಡ್ರೈವರ್ ಇಬ್ಬರೂ ಹೋಟೆಲಿನಾಗೋ ಗುಡಿ ಪೌಳ್ಯಾಗೋ ಮಲಗತಿದ್ರು, ಊಟ ಊರವರದೇ, ಅದರ ಬದಲಿ ಅವರು ತಾಲೂಕಿನ ಸುದ್ದಿ, ಪೇಟಿಯಾಗ ತೊಗರಿ ಏನು ರೇಟ್ ಅದ, ಯಾವ ಊರಾಗ ಮಳಿ ಬಿತ್ತು, ಟಾಕೀಸಿನಾಗ ಯಾವ ಸಿನಿಮಾ ಹತ್ಯಾದ ಎಲ್ಲಾ ಹೇಳಬೇಕು. ಸಿನಿಮಾದ ಕಥಿ ಪೂರಾ ಹೇಳಿಸಿಕೊಳ್ತಿದ್ರಂತ, ಹಾಡು ಸಹಿತ.

ಪೇಪರ್ ವಿಷಯ ನನಗ ಭಾಳ ಮಜಾ ಅನ್ಸಿದ್ದು. ಹೈದರಾಬಾದಿನಿಂದ ಉರ್ದು ಪೇಪರು ಬರ್ತಿದ್ವು, 1949ರಾಗ ‘ಸಿಯಾಸತ್’ ಶುರು ಆದ ಮ್ಯಾಲ ಅದೂ ಸೇರ್ತು. ಕನ್ನಡದ್ದು ಹುಬ್ಬಳ್ಳಿ ಕಡಿಂದ ‘ಸಂಯುಕ್ತ ಕರ್ನಾಟಕ’, ಬೆಂಗಳೂರಿಂದ 1948ರಾಗ ಹುಟ್ಟಿದ ‘ಪ್ರಜಾವಾಣಿ’. ಇವು ರೈಲು ಹತ್ತಿ ಬಸ್ ಹತ್ತಿ ಹಳ್ಳಿಗಿ ಮುಟ್ಟೋ ಹೊತ್ತಿಗಿ ಹಳೇವಾಗಿರ್ತಿದ್ವು, ಯಾರಿಗೂ ಬ್ಯಾಸರ ಇಲ್ಲ, ನಿನ್ನೀದೇ ಇವತ್ತಿನ ತಾಜಾ. ಮಜಾ ಎಲ್ಲಿ ಅಂದ್ರ, ಆ ಕಾಲದ ಓದಿದ ಗಂಡಸ್ರೆಲ್ಲಾ ಉರ್ದು ಮಾಧ್ಯಮದವರು. ಮನಿಯಾಗ ಕನ್ನಡ, ಹಣಿಮ್ಯಾಲ ವಿಭೂತಿ, ಕೈಯಾಗ ಉರ್ದು ಪೇಪರ್. ಕನ್ನಡ ಮಾತಾಡ್ಲಾಕ ಬರ್ತದ, ಓದ್ಲಾಕ ಬರಂಗಿಲ್ಲ. ಹೋಟೆಲಿನ ಬೆಂಚಿನ ಮ್ಯಾಲ ಕೂತು ಕಣ್ಣಿನಾಗ ಉರ್ದು ಓದೋದು, ಬಾಯಿಲೆ ಕನ್ನಡ ಹೇಳೋದು, ಸುತ್ತಲಿನವರು ಕೇಳೋದು. ನಡುವೆ ತನ್ನ ವಿಚಾರನೂ ಸೇರಸ್ತಿದ್ದ. ನೆಹರೂ ಏನಂದ್ರು ಎಷ್ಟು, ಓದಾಂವ ಏನಂದ ಎಷ್ಟು ಅಂತ ಕೇಳೋರಿಗಿ ಬ್ಯಾರೆ ಮಾಡ್ಲಾಕ ಬರ್ತಿರ್ಲಿಲ್ಲ. (ಈಗಿನ ಟಿವಿ ನೋಡಿದ್ರ ಅದೇನು ದೊಡ್ಡ ದೋಷ ಅನ್ಸಂಗಿಲ್ಲ ಬಿಡ್ರಿ.)

ಟಪಾಲಿನ ಬಗ್ಗೆ ಭಾಳ ಹೇಳೋದಿಲ್ಲ. ಕಾರ್ಡಿನ ಮೂಲಿ ಹರದಿದ್ರ ಸಾವು, ಅರಿಷಿಣ ಕುಂಕುಮ ಹಚ್ಚಿದ್ರ ಲಗ್ನ, ಓದ್ಲಾಕ ಬರದವರಿಗೂ ಅರ್ಧ ಸುದ್ದಿ ನೋಡಿದ ಕೂಡ್ಲೆ ತಿಳೀತಿತ್ತು. ತಾರು ಬಂತು ಅಂದ್ರ ಒಡದು ನೋಡೋಕ ಮೊದಲೇ ಅಳೋದು ಶುರು.

ಹೆಳವರ ಬಗ್ಗೆ ಮಾತ್ರ ಹೇಳಲೇಬೇಕು. ಸುಗ್ಗಿ ಮುಗದ ಮ್ಯಾಲ ಎತ್ತಿನ ಮ್ಯಾಲ ಬರೋರು, ಗಂಟಿ ಸಪ್ಪಳದಿಂದಲೇ ಗೊತ್ತಾಗ್ತಿತ್ತು. ಮನಿ ಮುಂದ ನಿಂತು ನಿಮ್ಮ ಮುತ್ತ್ಯಾ, ಅವರಪ್ಪ, ಅವರು ಯಾವ ಊರಿಂದ ಯಾಕ ಬಿಟ್ಟು ಬಂದ್ರು, ಯಾರಿಗಿ ಎಷ್ಟು ಮಕ್ಕಳು, ಎಲ್ಲಾ ರಾಗದಾಗ ಹೇಳೋದು. ಮನಿ ಮಂದಿ ಎಲ್ಲಾ ಹೊರಗ ಬಂದು ನಿಲ್ಲೋದು, ಸಣ್ಣ ಹುಡುಗ್ರಿಗಿ ತಮ್ಮ ಮುತ್ತ್ಯಾನ ಹೆಸರು ಬ್ಯಾರೆಯವರ ಬಾಯಾಗ ಕೇಳಿ ಆಶ್ಚರ್ಯ. ಹೇಳಿ ಮುಗಿಸಿ ಹೋದ ಸಲ ಬಂದ ಮ್ಯಾಲ ಯಾರು ಹುಟ್ಟಿದ್ರು ಯಾರು ಹೋದ್ರು ಅಂತ ಕೇಳಿ ಸೇರಿಸ್ಕೊಂಡು, ಜ್ವಾಳ, ಅರಿವಿ, ಛಲೋ ಮನಿಯಾದ್ರ ಒಂದು ಆಕಳ ಕರ ಇಸ್ಕೊಂಡು ಮುಂದಿನ ಮನಿಗಿ. ಅಲ್ಲಿ ಬೀಗರ ಮನಿ ಸುದ್ದಿನೂ ಇಲ್ಲಿಗಿ ಬರ್ತಿತ್ತು, ಇಲ್ಲೀದು ಅಲ್ಲಿಗಿ. ಇದು ಸುದ್ದಿನೋ ಹಾಡೋ ಅಂತ ಈಗ ನೀವೇ ಹೇಳ್ರಿ.

ಶ್ರಾವಣ ಬಂತು ಅಂದ್ರ ತಿಂಗಳಾನಗಟ್ಲೆ ಪುರಾಣ. ನಮ್ಮ ಕಡಿ ಶರಣಬಸಪ್ಪನ ಪುರಾಣ ಹಚ್ಚದ ಊರೇ ಇಲ್ಲ. ಕಂದೀಲಿನ ಬೆಳಕಿನಾಗ ಒಬ್ಬರು ಪದ್ಯ ಓದೋದು, ಶಾಸ್ತ್ರಿಗಳು ಅರ್ಥ ಹೇಳೋದು, ನಡುವೆ ಹಾರ್ಮೋನಿಯಂ ತಬಲಾ. ಮಂಗಲ ಆದ ಮ್ಯಾಲ ಒಂದು ಹತ್ತು ನಿಮಿಷ ಏನ್ ನಡೀತಿತ್ತಲ್ಲ, ಅದೇ ನಮ್ಮೂರಿನ ಲೋಕಲ್ ಪೇಪರು. ಇವತ್ತಿನ ಪ್ರಸಾದ ಇಂಥವರದು, ಮಗ ಪಾಸಾಗಿದ್ದಕ್ಕ, ನಾಳಿ ದೀಪದ ಎಣ್ಣಿ ಇಂಥವರದು, ಕೋರ್ಟಿನಾಗ ಹೊಲ ತಮ್ಮ ಕಡಿ ಆಗಿದ್ದಕ್ಕ. ಕೋರ್ಟಿನಾಗ ಸೋತವನೂ ಅಲ್ಲೇ ಕೂತಿರ್ತಿದ್ದ! ಪ್ರಸಾದ ತಗೋಬೇಕೋ ಬ್ಯಾಡೋ ಅಂತ ಅವನ ಮುಖ ಎಲ್ಲಾರೂ ನೋಡೋರು.

ಭಜನಿಯಾಗ ಕಡಕೋಳ ಮಡಿವಾಳಪ್ಪನ ತತ್ವಪದ ರಾತ್ರಿಯಿಡೀ. ಮೊಹರಮ್ಮಿನಾಗ ಹಿಂದೂ-ಮುಸಲ್ಮಾನ ಹುಡುಗ್ರು ಕೂಡೇ ಅಲಾಯಿ ಕುಣೀತಿದ್ರು, ರಿವಾಯತ ಪದ ಕಟ್ಟೋರು ಕರ್ಬಲಾದ ಕಥಿ ಜೋಡಿ ಬರಗಾಲ, ನಿಜಾಮನ ಪರ ಇದ್ದ ರಜಾಕಾರರ ಹಾವಳಿ ಎಲ್ಲಾ ಸೇರಿಸಿ ಕಟ್ಟತಿದ್ರು, ಎದುರಿನ ಮೇಳದವರು ಅದಕ್ಕ ಜವಾಬು. ಆ ಕಾಲದ ಎಷ್ಟೋ ಸಂಗತಿ ಯಾವ ಪೇಪರಿನಾಗೂ ಬಂದಿಲ್ಲ, ಈ ಪದದೊಳಗ ಉಳದದ.

ಹೆಣ್ಣುಮಕ್ಕಳಿಗಿ ಈ ಕಟ್ಟಿ, ಹೋಟೆಲ್ ಯಾವುದೂ ಇಲ್ಲ. ಅವರದು ಬಾವಿ ಮತ್ತ ಬೀಸೋ ಕಲ್ಲು. ನಸುಕಿನಾಗ ಇಬ್ಬರು ಎದುರಾಎದುರು ಕೂತು ಒಂದೇ ಗೂಟ ಹಿಡದು ಬೀಸೋದು, ಒಬ್ಬಾಕಿ ಒಂದು ನುಡಿ ಅಂದ್ರ ಇನ್ನೊಬ್ಬಾಕಿ ಎತ್ತಿಕೊಳ್ಳೋದು. ಅತ್ತಿ ಏನಂದ್ಲು, ತವರಿಂದ ಯಾರೂ ಬರ್ಲಿಲ್ಲ, ಮಾತಿನಾಗ ಹೇಳಿದ್ರ ಜಗಳ ಆಗ್ತಿತ್ತು, ಪದದಾಗ ಹೇಳಿದ್ರ ಅತ್ತಿನೂ ಒಳಗ ಮಲಗಿ ಸುಮ್ಮನ ಕೇಳಬೇಕು. ಹಿಟ್ಟಿನ ಗಿರಣಿ ಬಂತು, ಕೈ ನೋವು ಹೋಯ್ತು, ಅದು ಭಾಳ ಚಲೋ ಆಯ್ತು ಅಂತ ನಾ ಮಾತಾಡಿಸಿದ ಒಬ್ಬ ಅಜ್ಜಿನೂ ಇಲ್ಲ ಅನ್ಲಿಲ್ಲ. ಪದ ಹೋಯ್ತು ಅಂತ ಅಳೋರೆಲ್ಲಾ ನಮ್ಮಂಥ ಗಂಡಸ್ರು, ಬೀಸಿ ನೋಡದವರು. ಮಧ್ಯಾಹ್ನ ಚೌಕಾಬಾರಾ, ಕವಡಿ, ಲಗ್ನದಾಗ ಒಡಪು ಹಾಕಿ ಗಂಡನ ಹೆಸರು ಹೇಳೋದು, ಇವೆಲ್ಲಾ ನಿಮಗ ಗೊತ್ತಿದ್ದಿದ್ದೇ.

ಗ್ರಾಮೋಫೋನು ಸಾವಕಾರ ಮನಿಯಾಗ ಮಾತ್ರ. ಕೀಲಿ ಕೊಟ್ಟು ಮುಳ್ಳು ಬದಲಿಸಿ ಹಚ್ಚಿದ್ರ ಮೂರು ಸಾಡೆತೀನ್ ನಿಮಿಷದಾಗ ಒಂದು ಬಾಜೂ ಖಲಾಸ್.

ಈಗ ರೇಡಿಯೋಕ್ಕ ಬರ್ತೀನಿ. ಧಾರವಾಡ ಕೇಂದ್ರ ಶುರು ಆಗಿದ್ದು 1950ರಾಗ, ಬೆಂಗಳೂರಿಂದು 1955ರಾಗ, ಹೈದರಾಬಾದಿನಾಗ ನಿಜಾಮನ ಡೆಕ್ಕನ್ ರೇಡಿಯೋ ಮೊದಲೇ ಇತ್ತು, 1950ರಾಗ ಆಲ್ ಇಂಡಿಯಾ ರೇಡಿಯೋಕ್ಕ ಸೇರ್ತು. ನಮಗ ಹತ್ತಿರದ್ದು ಹೈದರಾಬಾದ್, ಅಲ್ಲಿ ಹೆಚ್ಚಾಗಿ ಉರ್ದು ತೆಲುಗು. ಕನ್ನಡದ್ದು ಧಾರವಾಡ, ಅದು ದೂರ. ಹಗಲಿನಾಗ ಆಕಾಶದ ಕೆಳಗಿನ ಒಂದು ಪದರು ಮೀಡಿಯಂ ವೇವ್ ನುಂಗತದ, ಹೊತ್ತು ಮುಳಗಿದ ಮ್ಯಾಲ ಆ ಪದರು ಕರಗತದ, ಆವಾಗ ದೂರದ ಕೇಂದ್ರ ಕೇಳ್ಲಾಕ ಶುರು. ಹಂಗಾಗಿ ನಮ್ಮ ಮಂದಿಗಿ ಕನ್ನಡ ರೇಡಿಯೋ ಅಂದ್ರ ರಾತ್ರಿ ಮಾತು, ಅದೂ ಗರ್ ಗರ್ ಅನ್ಕೋತ. ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟು, ಒಳಗಿನ ವಾಲ್ವು ಬಿಸಿ ಆಗೋತನಕ ದನಿ ಇಲ್ಲ, ಮಾಳಿಗಿ ಮ್ಯಾಲ ತಾಮ್ರದ ಜಾಳಗಿ ಏರಿಯಲ್ಲು, ಇನ್ನೊಂದು ತಂತಿ ನೆಲದಾಗ ಹುಗದು ಅದಕ್ಕ ಸಂಜಿಕ ಒಂದು ತಂಬಿಗಿ ನೀರು ಹಾಕೋದು ಮನಿ ಹುಡುಗನ ಡ್ಯೂಟಿ, ನೆಲ ಹಸಿ ಇದ್ರ ದನಿ ಸಾಫ್ ಬರ್ತಿತ್ತು. ಕರೆಂಟ್ ಇಲ್ಲದ ಊರಾಗ ಬ್ಯಾಟರಿ, ಅದು ತೀರತದ ಅಂತ ವಾರ್ತಾ ಮುಗದ ಕೂಡ್ಲೆ ಬಂದ್. ಇಟ್ಕೊಳ್ಳಾಕ ಪೋಸ್ಟಾಫೀಸಿನ ಲೈಸೆನ್ಸು, ವರ್ಷಾ ವರ್ಷಾ ರೊಕ್ಕ ಕಟ್ಟಿ ಸ್ಟಾಂಪ್ ಹಚ್ಚಿಸ್ಕೋಬೇಕು, ಈ ತಾಪತ್ರಯ 1980ರ ದಶಕದ ತನಕ ಇತ್ತು.

1952ರಾಗ ಕೇಸಕರ್ ಸಾಹೇಬ್ರು ದಿಲ್ಲಿಯಾಗ ವಾರ್ತಾ ಮಂತ್ರಿ ಆಗಿ ರೇಡಿಯೋದಾಗ ಸಿನಿಮಾ ಹಾಡು ಬ್ಯಾಡ ಅಂದ್ರು. ಮಂದಿ ಸೀದಾ ರೇಡಿಯೋ ಸಿಲೋನಿಗಿ ಹೋದ್ರು. ಬುಧವಾರ ರಾತ್ರಿ ಎಂಟಕ್ಕ ಅಲ್ಲಿ ಸಿನಿಮಾ ಹಾಡು ಹಚ್ಚತಿದ್ದ ಅಮೀನ್ ಸಯಾನಿ ದನಿಗಿ ಬೀದರದಾಗೂ ಶೋರಾಪುರದಾಗೂ ಒಂದೇ ಹೊತ್ತಿಗಿ ಮಂದಿ ಕಿವಿ ಕೊಟ್ಟು ಕೂತಿದ್ರು. 1957ರಾಗ ಸಿನಿಮಾ ಹಾಡು ಹಚ್ಚೋ ವಿವಿಧ ಭಾರತಿ ತಂದು ಸರ್ಕಾರ ಮಂದಿನ್ನ ವಾಪಸ್ ಕರಕೊಂಡು ಬರಬೇಕಾಯ್ತು.

ರೇಡಿಯೋ ಏನು ಮಾಡ್ತು ಅಂದ್ರ ದಿಲ್ಲಿ ಹತ್ತಿರ ಬಂತು, ಬಾಜೂ ಊರು ದೂರ ಆಯ್ತು. 1964ರ ಮೇ 27ರ ಮಧ್ಯಾಹ್ನ ನೆಹರೂ ಹೋದ ಸುದ್ದಿ ಅದೇ ದಿನ ಹಳ್ಳಿಗಿ ಮುಟ್ಟಿತ್ತು, ಪಂಚಾಯತಿ ರೇಡಿಯೋ ಮುಂದ ಮಂದಿ ನಿಂತಿದ್ರು. ಅದೇ ಹಳ್ಳಿಗಿ ಐದು ಹರದಾರಿ ಆಚಿ ಹಳ್ಳ ಬಂದು ಬಂಡಿ ಕೊಚ್ಚಿ ಹೋಗಿದ್ದು ಗೊತ್ತಾಗ್ಲಾಕ ಇನ್ನೂ ಸಂತಿ ದಿನಾನೇ ಬರಬೇಕು. ರೇಡಿಯೋದಾಗ ನಮ್ಮ ಮಾತಿನ ಧಾಟಿ ಕೇಳಿಸಿದ್ದು 1966ರಾಗ, ಗುಲಬರ್ಗಾ ಆಕಾಶವಾಣಿ ಶುರು ಆದ ಮ್ಯಾಲ. ತತ್ವಪದ ಹಾಡೋರು, ಬೀಸೋ ಪದದ ಅಜ್ಜಿಗೋಳು ಸ್ಟುಡಿಯೋಕ್ಕ ಹೋಗಿ ಬಂದ್ರು. ಆದ್ರ ಅಲ್ಲಿ ಪದ ಬ್ಯಾರೆ, ವಾರ್ತಾ ಬ್ಯಾರೆ, ಇದಕ್ಕಿಷ್ಟು ನಿಮಿಷ ಅದಕ್ಕಿಷ್ಟು. ಕೆಂಪು ಲೈಟ್ ಹತ್ತಿದ ಮ್ಯಾಲ ಹಾಡಿನ ನಡುವೆ ‘ಏ ತಂಗಿ, ನಿಮ್ಮಕ್ಕನ ಸುದ್ದಿ ಏನವ್ವ’ ಅನ್ಲಾಕ ಬರಂಗಿಲ್ಲ.

ಕಡೀಗಿ ಟಿವಿ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹ ತಗೊಂಡು ದೇಶದ ಆರು ರಾಜ್ಯದ 2400 ಹಳ್ಳಿಗಿ ಟಿವಿ ತೋರಿಸೋ ಪ್ರಯೋಗ ಮಾಡಿದ್ರು, ಸೈಟ್ ಅಂತಾರ ಅದಕ್ಕ. ಕರ್ನಾಟಕದಾಗ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ. ಯಾದಗಿರಿ ಆವಾಗ ಗುಲಬರ್ಗಾ ಜಿಲ್ಲಾದಾಗೇ ಇತ್ತು. ಹತ್ತು ಫೂಟಿನ ಕೋಳಿ ಜಾಳಗಿ ತಟ್ಟಿಯ ಆಂಟೆನಾ, ಊರಿಗಿ ಒಂದು ಟಿವಿ, ಮುಂಜಾನಿ ಒಂದುವರಿ ತಾಸು ಸಾಲಿ ಮಕ್ಕಳಿಗಿ, ಸಂಜಿಕ ಎರಡೂವರಿ ತಾಸು ಎಲ್ಲಾರಿಗಿ. ವರ್ಷ ಮುಗದ ಮ್ಯಾಲ ಉಪಗ್ರಹ ಹೋಯ್ತು, 1977ರಾಗ ಗುಲಬರ್ಗಾದಾಗೇ ಟಿವಿ ಕೇಂದ್ರ ಬಂತು. ಬೆಂಗಳೂರಿಗಿ ದೂರದರ್ಶನ ಬಂದಿದ್ದು 1981ರ ನವೆಂಬರ್ 1ಕ್ಕ. ಅಂದ್ರ ಅವರಿಗಿಂತ ಆರು ವರ್ಷ ಮೊದಲ ನಾವು ನೋಡೀವಿ, ಇದನ್ನ ಬೆಂಗಳೂರಿನಾಗ ಹೇಳಿದ್ರ ಮಂದಿ ನಗ್ತಾರ, ಹೇಳಿ ನೋಡ್ರಿ.

ಸಾಲಿ ಕಟ್ಟಿಮ್ಯಾಲ ಆ ಟಿವಿ ಮುಂದ ಯಾರು ಎಲ್ಲಿ ಕೂಡ್ತಿದ್ರು, ಕೇರಿಯವರಿಗಿ ಮುಂದ ಜಾಗಾ ಇತ್ತೋ ಇಲ್ಲೋ, ಇದನ್ನ ನಾ ಹೇಳೋಕಿಂತ ನೋಡಿದವರು ಹೇಳಿದ್ರ ಚಲೋ. ಹಿಂದ ಕೂತ ಅಜ್ಜಾರು ಆಗಲಿಂದ ಕೈ ಎತ್ಲಕತ್ತಾರ, ಆ ಮೈಕ್ ಜರಾ ಅವರಿಗಿ ಕೊಡ್ರಿ.