ಬಚ್ಚಲ ಬಾಗಿಲ ಮ್ಯಾಲಿನ ಟವೆಲ್

ಎಲ್ಲಾರಿಗೂ ನಮಸ್ಕಾರ್ರಿ. ಈಗ ಮುಂಜಾನಿ ಆರೂಕಾಲು. ಕಲಬುರಗಿಯ ಬ್ಯಾಸಗಿ ನಿಮಗೂ ಗೊತ್ತದ, ಮಧ್ಯಾಹ್ನ 42 ಡಿಗ್ರಿ ದಾಟ್ತದ. ಹಂಗಾಗಿ ನನ್ನ ದಿನದ ಕೆಲಸ ಎಲ್ಲಾ ತಂಪೊತ್ತಿನ್ಯಾಗ. ಈ ವಿಡಿಯೋದಾಗ ಕಾಣೋದು ಬ್ರಹ್ಮಪುರದಾಗಿನ ನಮ್ಮ ಮನಿ ಅಂಗಳ. ಚಿತ್ರದ ಮ್ಯಾಲ ಮಾತಾಡ್ಲಿಕತ್ತಿದ್ದು ನಾನೇ. ನಡುನಡುವ ಮಾತು ತಡೀತದ. ಅದನ್ನ ಕತ್ತರಿಸಬ್ಯಾಡ, ಇದ್ದಂಗ ಇರ್ಲಿ ಅಂತ ಮಗಗ ಹೇಳೀನಿ. ಹೋದ ವರ್ಷ ಈ ಹೊತ್ತಿಗೆ “ನೀರು” ಅನ್ನೋ ಎರಡಕ್ಷರ ಸೈತ ನನ್ನ ಬಾಯಾಗ ಬರ್ತಿದ್ದಿಲ್ಲ.

ಲಕ್ವಾ, ಅಂದ್ರ ಪಾರ್ಶ್ವವಾಯು, ಹೊಡದು 14 ತಿಂಗಳಾಯ್ತು. ತಪ್ಪು ನಂದೇ, ಮುಚ್ಚಿಡೋದಿಲ್ಲ. ಆರಾಮ ಅದೀನಲ್ಲ, ಗುಳಿಗಿ ಯಾಕ ನುಂಗಬೇಕಂತ ಬೀಪಿ ಗುಳಿಗಿ ಬಿಟ್ಟಿದ್ದೆ. ಒಂದಿನ ನಸುಕಿನ್ಯಾಗ ಚರಗಿ ಎತ್ತಲಿಕ್ಕೆ ಹೋದೆ, ಕೈಯಾಗಿಂದ ಜಾರಿ ಬಿತ್ತು. ಬಾಯಿ ಒಂದು ಕಡಿ ಸೊಟ್ಟ ಆಗಿತ್ತು. ಗಾಳಿ ಸೋಕ್ಯದ ಅಂತ ಒಬ್ರು ಅಂದ್ರು, ಎಣ್ಣಿ ತಿಕ್ಕಿದ್ರು, ಮಂತ್ರ ಹಾಕಿಸಿದ್ರು, ಹೊತ್ತು ಹೋಯ್ತು. ಮಿದುಳಿನ ಎಡಭಾಗದ ರಕ್ತನಾಳದಾಗ ರಕ್ತ ಹೆಪ್ಪುಗಟ್ಯದ ಅಂತ ಸ್ಕ್ಯಾನ್‌ದಾಗ ಗೊತ್ತಾಗೋದ್ರಾಗ ಮಧ್ಯಾಹ್ನ ಆಗಿತ್ತು. ಆ ಹೆಪ್ಪು ಕರಗಿಸೋ ಇಂಜೆಕ್ಷನ್ ಲಕ್ವಾ ಶುರುವಾದ ನಾಲ್ಕೂವರಿ ತಾಸಿನೊಳಗ ಕೊಡಬೇಕಂತ. ನಮ್ಮದು ದಾಟಿ ಹೋಗಿತ್ತು. ಕೈಮುಗಿದು ಹೇಳ್ತೀನ್ರಿ: ಬಾಯಿ ಸೊಟ್ಟ ಆತು, ಕೈ ಸೋತು, ಮಾತು ತೊದಲ್ತು ಅಂದ್ರ ಎಣ್ಣಿ ಹುಡುಕಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಶುರುವಾದಾಗ ಗಡಿಯಾರದಾಗ ಎಷ್ಟಾಗಿತ್ತು ಅಂತ ನೋಡಿಟ್ಟುಕೋರಿ. ಡಾಕ್ಟರ್ ಮೊದಲು ಕೇಳೋದು ಅದನ್ನ.

ಇವತ್ತು ನಾನು ಹೇಳಬೇಕಂದದ್ದು ಇದಲ್ಲ. ಮನಿಗೆ ಬಂದ ಮ್ಯಾಲಿನ ಮಾತು.

ಮನಿಯಾಗ ಎಲ್ಲಾರು ನನ್ನನ್ನ ಅಂಗೈ ಮ್ಯಾಲ ಇಟ್ಟುಕೊಂಡ್ರು. ಸೊಸಿ ಜಳಕ ಮಾಡಿಸ್ತಿದ್ಲು, ತಲಿ ಹಿಕ್ತಿದ್ಲು. ನಮ್ಮ ಮನಿಯವ್ರು ರೊಟ್ಟಿ ಮುರುದು ಪಲ್ಯಾದಾಗ ಅದ್ದಿ ಬಾಯಿಗೆ ಇಡ್ತಿದ್ರು. ಏಳಬೇಕಂದ್ರ ಮಗ ಬಲಗೈ ಹಿಡಿದು ಜಗ್ಗಿ ಎಬ್ಬಿಸ್ತಿದ್ದ. ಆರು ವಾರ ಹಿಂಗೇ. ಆಮ್ಯಾಲ ಫಿಸಿಯೋಥೆರಪಿ ಹುಡುಗಿ ಬರಲಿಕ್ಕೆ ಶುರು ಮಾಡಿದ್ಲು. ಮೊದಲ ದಿನಾನೇ ಕುಂತು ಕೇಳಿದ್ಲು: “ಅಮ್ಮಾರ, ಮುಂಜಾನಿಯಿಂದ ನಿಮ್ಮ ಬಲಗೈ ಏನೇನು ಕೆಲಸ ಮಾಡ್ತು?”

ನಾನು ಭಾಳ ಹೊತ್ತು ಯೋಚನಿ ಮಾಡಿದೆ. ಏನೂ ಮಾಡಿದ್ದಿಲ್ಲ. ಮಾಡೋ ಪಾಳಿ ಅದಕ್ಕ ಬಂದೇ ಇದ್ದಿಲ್ಲ.

ಮಗಗ ಆಕಿ ಹೇಳಿದ್ಲು, ಕೈ ಹಿಡಿದು ಜಗ್ಗಬ್ಯಾಡ್ರಿ, ಭುಜದ ಕೀಲು ಹಿಡಿದಿಡೋ ಸ್ನಾಯು ಸೋತಾವ, ಕೀಲು ಜಾರ್ತದ ಅಂತ. ನನ್ನ ಭುಜ ರಾತ್ರಿಯೆಲ್ಲಾ ಯಾಕ ಹರೀತಿತ್ತು ಅಂತ ಅವಾಗ ತಿಳೀತು. ಮಿದುಳಿನ್ಯಾಗ ಸತ್ತ ಭಾಗ ಮತ್ತ ಹುಟ್ಟೋದಿಲ್ಲ. ಆದ್ರ ಬಾಜೂಕಿನ ಭಾಗ ಆ ಕೆಲಸ ಕಲೀಬಹುದು. ಕಲೀಬೇಕಂದ್ರ ಅದೇ ಕೆಲಸ ನೂರು ಸಲ, ಸಾವಿರ ಸಲ ಕೈಯಿಂದ ಮಾಡಿಸಬೇಕು. ನಮ್ಮವ್ರು ಪ್ರೀತಿಲೆ ಮಾಡಿದ್ದೆಲ್ಲಾ ಖರೇ ಪ್ರೀತಿನೇ. ಆದ್ರ ನನ್ನ ಕೈ ಕಲಿಯೋ ಕೆಲಸ ಅವರ ಕೈ ಕಸಗೊಂಡಿತ್ತು.

ಆಕಿ ನಮ್ಮ ಸೊಸಿಗೆ ಒಂದು ಮಾತು ಕಲಿಸಿದ್ಲು. “ಅತ್ತಿಯವರು ಏನರ ಮಾಡ್ಲಿಕತ್ತಾಗ ಕೈ ಹಿಂದ ಕಟ್ಟಿ 30 ತನಕಾ ಎಣಸ್ರಿ. ಆಮ್ಯಾಲ ಬೇಕಾದ್ರ ಹೋಗ್ರಿ.” ಬಿದ್ದ ಕೈ ಎತ್ತೋದು ಕಷ್ಟ ಅಂತೀರಿ, ಕಣ್ಮುಂದ ಒಬ್ರು ಒದ್ದಾಡೋದು ನೋಡಿ ಸುಮ್ಮ ನಿಂದ್ರೋದು ಅದಕ್ಕಿಂತ ಕಷ್ಟ. ಮೊದಮೊದಲು ಸೊಸಿ ಹತ್ತಕ್ಕ ಓಡಿ ಬರ್ತಿದ್ಲು.

ಈಗ ಬಚ್ಚಲ ತೋರಿಸ್ತೀನಿ. ನಮ್ಮ ಕಡಿ ಮನಿಮನಿಗೂ ನೆಲಕ್ಕ ಶಹಾಬಾದ ಫರ್ಸಿ ಕಲ್ಲು. ಬ್ಯಾಸಗಿಗೆ ಅಂಗಾಲಿಗೆ ತಂಪು, ಸಬಕಾರದ ನೀರು ಬಿತ್ತಂದ್ರ ಬೆಣ್ಣಿ ಸವರಿದಂಗ. ಗೌಂಡಿನ್ನ ಕರೆಸಿ ಉಳಿಯಿಂದ ಅಷ್ಟಷ್ಟು ಹೊಡಿಸಿ ಒರಟು ಮಾಡಿಸೀವಿ. ಈ ಸ್ಟೀಲಿನ ಸರಳು ಎಡಗಡಿ ಗ್ವಾಡಿಗೆ ಅದ ನೋಡ್ರಿ, ನನ್ನ ಗಟ್ಟಿ ಕೈ ಇರೋ ಕಡಿ. ಮೊದಲು ಬಲಗಡಿ ಹಾಕಿಸಿದ್ವಿ, ಎರಡನೇ ಸಲ ತೂತು ಹೊಡೀಬೇಕಾಯ್ತು. ಕುಂದ್ರೋದು ಬೆನ್ನು ಇರೋ ಕುರ್ಚಿ ಮ್ಯಾಲ, ಸ್ಟೂಲ್ ಬ್ಯಾಡ್ರಿ.

ನೀರು ಬಿಸಿ ಅದನೋ ಇಲ್ಲೋ ಎಡಗೈಯಿಂದಷ್ಟೇ ನೋಡ್ತೀನಿ. ಬಲಗಡಿ ಮೈಗೆ ಕಾವು ತಿಳಿಯೋದಿಲ್ಲ. ಒಂದು ಸಲ ಬಲತೊಡಿ ಮ್ಯಾಲ ನೀರು ಹಾಕ್ಕೊಂಡೆ, ಏನೂ ಅನಿಸಲಿಲ್ಲ. ಕೆಂಪಗಾದದ್ದು ಕಣ್ಣಿಗೆ ಕಂಡಾಗ ಗೊತ್ತಾಯ್ತು.

ಎಡಗೈಯಿಂದ ಬಲಗೈ ತೊಳ್ಕೊಳ್ಳೋದು ಸಲೀಸು. ಕಾಲು, ಹೊಟ್ಟಿ, ಮುಖ ಎಲ್ಲಾ ಆಗ್ತದ. ಆದ್ರ ಎಡಗೈನ್ನ ಯಾರು ತೊಳೀಬೇಕು? ಇದು ಲಕ್ವಾ ಬಂದವರಿಗೇ ಗೊತ್ತು. ದಿನಾ ದುಡಿಯೋ ಕೈ, ಬೆವರೋ ಕೈ ಅದು, ಅದನ್ನ ತೊಳಿಯೋ ಇನ್ನೊಂದು ಕೈ ಮಲಕೊಂಡದ. ಸೊಸಿಗೆ ಕೂಗಬೇಕಾಗ್ತಿತ್ತು, ಬರೇ ಒಂದು ಕೈ ತೊಳಿಸಲಿಕ್ಕೆ. ಆಮ್ಯಾಲ ಕಲಿತೆ: ಟವೆಲ್ಲಿಗೆ ಸಬಕಾರ ಹಚ್ಚಿ ತೊಡಿ ಮ್ಯಾಲ ಹಾಸೋದು, ಎಡಗೈನ್ನ ಅದರ ಮ್ಯಾಲ ತಿಕ್ಕೋದು. ಮುಂಗೈ, ಮೊಣಕೈ, ಬೆರಳ ಸಂದಿ. ಹೋದ ಶ್ರಾವಣದಿಂದ ಬಲಗೈನ್ನೂ ಆ ಟವೆಲ್ ಮ್ಯಾಲ ಇಡ್ಲಿಕತ್ತೀನಿ. ಮೊದಲು ಬಟ್ಟಿ ಜಾರದಂಗ ಭಾರ ಹಾಕ್ತಿತ್ತು, ಅಷ್ಟೇ. ಈಗ ಹೆಬ್ಬೆರಳು ಒಂದು ತುದಿ ಹಿಡೀತದ.

ಬಟ್ಟಿ ಹಾಕ್ಕೊಳ್ಳೋಕ ಒಂದೇ ನೇಮ. ಸೋತ ಕೈ ಮೊದಲು ತೋಳಿನೊಳಗ, ಬಿಚ್ಚುವಾಗ ಕಡೀಗೆ ಹೊರಗ. ಪಾವಟಿಗಿಗೂ ಹಂಗೇ, ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿವಾಗ ಸೋತ ಕಾಲು ಮೊದಲು. ಸೀರಿ ನಿರಿಗಿ ಇನ್ನೂ ಕೈಗೆ ಹತ್ತಿಲ್ಲ. ಶರಣಬಸವೇಶ್ವರ ಅಪ್ಪನ ಜಾತ್ರಿಗೆ ಇಳಕಲ್ ಸೀರಿ ಉಟ್ಟು ಹೋಗಬೇಕಂದಿದ್ದೆ, ಈ ಸಲ ಆಗ್ಲಿಲ್ಲ. ಮನಿ ಮಾಳಗಿ ಮ್ಯಾಲ ನಿಂತು ಶರಣಬಸವೇಶ್ವರಗ ಕೈಮುಗಿದೆ, ಒಂದು ಕೈಯಿಂದ ಇನ್ನೊಂದು ಎತ್ತಿ ಹಿಡಿದು. ರೊಟ್ಟಿ ಬಡಿಯೋದೂ ಇನ್ನೂ ದೂರ ಅದ. ಎಸರಿನ ಹಿಟ್ಟು ಆರಿದ ಮ್ಯಾಲ ನಾದೋದು ಮಾತ್ರ ನಂದು, ಅದೇ ನನ್ನ ಬೆರಳಿನ ವ್ಯಾಯಾಮ.

ಅಳು ಬಗ್ಗೆ ಒಂದು ಮಾತು. ಮೊದಲ ತಿಂಗಳುಗಳಾಗ ನಗೋ ಮಾತಿಗೂ ಅಳು ಬರ್ತಿತ್ತು. ಧೈರ್ಯ ತಗೋರಿ ಅಂತಿದ್ರು ಬಂದವ್ರು. ಅದು ಧೈರ್ಯದ ಮಾತಲ್ರಿ, ಅಳು ನಗು ಹಿಡಿತದಾಗ ಇಡೋ ಮಿದುಳಿನ ದಾರಿಗೂ ಪೆಟ್ಟು ಬಿದ್ದಿರ್ತದ. ಡಾಕ್ಟರಿಗೆ ಹೇಳ್ರಿ, ಅದಕ್ಕೂ ಔಷಧ ಅದ. ನಿಮ್ಮ ಮನಿಯಾಗ ಯಾರರ ಹಿಂಗ ಅತ್ರ, ಬೈಬ್ಯಾಡ್ರಿ, ಬಾಜೂಕ ಕುಂದರ್ರಿ.

ಇನ್ನ ಬಾಗಿಲ ಮಾತು. ಬಚ್ಚಲದ ಚಿಲಕ ನಾನು ಹಾಕೋದಿಲ್ಲ, ಹಾಕಲೂಬಾರದು. ಬಿದ್ರ ಒಳಗ ಬರೋರಿಗೆ ದಾರಿ ಇರಬೇಕು. ಆದ್ರ ಒಳಗ ಒಬ್ಬಾಕಿನೇ ಇರಬೇಕನ್ನೋ ಆಸಿ 54 ವರ್ಷದ ಹೆಣ್ಮಗಳಿಗೆ ಇರೋದಿಲ್ಲೇನ್ರಿ? ವರ್ಷ ತನಕಾ ನನ್ನ ಮೈ ಎಲ್ಲಾರ ಕೈಯಾಗ ಇತ್ತು. ಅದಕ್ಕ ಸೊಸಿ ಸಂಗಟ ಕುಂತು ಒಂದು ಠರಾವು ಮಾಡಿದ್ವಿ. ಬಾಗಿಲ ಹೊರಗ ಕೆಂಪು ಟವೆಲ್ ನೇತು ಹಾಕಿದೆ ಅಂದ್ರ ಯಾರೂ ಬರಬಾರದು, ನಾನು ಕರೆದ್ರಷ್ಟೇ. ಅಗೋ, ಇವತ್ತೂ ನೇತು ಹಾಕೀನಿ. ಮೊಬೈಲ್ ಮಗ ಪಡಸಾಲ್ಯಾಗ ಕಿಟಕಿ ಕಟ್ಟಿ ಮ್ಯಾಲ ಇಟ್ಟಾನ, ನಿಮಗ ಕಾಣೋದು ಮುಚ್ಚಿದ ಬಾಗಿಲು, ಆ ಟವೆಲ್, ಒಳಗ ನೀರಿನ ಸಪ್ಪಳ.

ಈಗೊಂದು ಸಪ್ಪಳ ಕೇಳ್ತಲ್ಲ? ಸಬಕಾರ ಡಬ್ಬಿ ಸಮೇತ ಬಿತ್ತು. ಬಾಗಿಲ ಹೊರಗ ಸೊಸಿ ಬಂದು ನಿಂತಾಳ ನೋಡ್ರಿ, ಕೈ ಎರಡೂ ಹಿಂದ. ತುಟಿ ಅಲುಗಾಡ್ಲಿಕತ್ತಾವ. ಒಳಗ ನಾನು ಸರಳು ಹಿಡಿದು ಬಗ್ಗಲಿಕತ್ತೀನಿ, ಅದು ನಿಮಗ ಕಾಣೋದಿಲ್ಲ.

“ಅತ್ತಿ, ಬರ್ಲೇನ್ರಿ?”

“ಎಷ್ಟಾತವ್ವ?”

“ಇಪ್ಪತ್ತಾರು.”

“ಹಂಗಾರ ಇನ್ನೂ ನಾಲ್ಕು ಅದ. ಸಿಕ್ತು, ಹೋಗು ನೀ ಚಾ ಇಡು.”