ತುಕ್ಕು ತಡೆಯೋ ಬೀನ್ಸ್ ತಳಿ ಬೇಕಾ? ಮೊದಲು ತುಕ್ಕು ಬರಿಸಿ!

ನಮಸ್ಕಾರ, ಮೈಕಿಗೆ ಗಾಳಿ ಹೊಡೀತಿದೆ, ಸ್ವಲ್ಪ ಸಹಿಸ್ಕೊಳ್ಳಿ. ಹುತ್ತರಿ ಕಳೆದು ಭತ್ತ ಕೊಯ್ದ ಗದ್ದೇಲಿ ಹಾಕಿರೋ ಬೀನ್ಸ್ ಇದು. ಎಲೆ ತಿರುಗಿಸ್ತೀನಿ, ನೋಡಿ. ಅಡಿಯಲ್ಲಿ ಕಂದು ಪುಡಿ, ಬೆರಳಿಗೂ ಅಂಟ್ತು. ತುಕ್ಕು ರೋಗ. ರಾತ್ರಿಯೆಲ್ಲ ಚಳಿ, ಬಿಸಿಲೇರೋ ತನಕ ಎಲೆ ಮೇಲೆ ಇಬ್ಬನಿ. ಈ ಶಿಲೀಂಧ್ರಕ್ಕೆ ಇನ್ನೇನು ಬೇಕು?

ಈ ಸಾಲಿಗೆ ಬೇಕಂತಲೇ ಔಷಧಿ ಹೊಡೆದಿಲ್ಲ. ರೋಗವೇ ಬಾರದ ಗದ್ದೇಲಿ ಎಲ್ಲ ಗಿಡವೂ ಗಟ್ಟಿ ಗಿಡವೇ. ಅಲ್ಲಿಂದ ಬೀಜ ಆರಿಸಿದ್ರೆ ಆರಿಸಿದ ಹಾಗೇ ಅಲ್ಲ. ಬೇಗ ತುಕ್ಕು ಹಿಡಿಯೋ ತಳೀನ ಮಧ್ಯ ಮಧ್ಯ ಒಂದೊಂದು ಸಾಲು ಹಾಕಿ, ರೋಗ ತಾನಾಗೇ ಹರಡುತ್ತೆ.

ಈಗ ಎರಡು ತಳಿ ಕ್ರಾಸ್ ಮಾಡೋಕೆ ಹೂವು. ಫೋಕಸ್ ಆಗ್ತಿಲ್ಲ... ಹಾಂ, ಬಂತು. ನಾಳೆ ಬೆಳಿಗ್ಗೆ ಅರಳೋ ಮೊಗ್ಗು ಇದು, ಉಬ್ಬಿದೆ, ಬಿಚ್ಚಿಲ್ಲ. ತಾಯಿ ಬಿಳಿ ಹೂವಿನ, ಬಿಳಿ ಬೀಜದ ಗಿಡ್ಡ ಬೀನ್ಸ್. ತಂದೆ ನೇರಳೆ ಹೂವಿನ, ಕಪ್ಪು ಬೀಜದ ಬಳ್ಳಿ, ತುಕ್ಕು ತಡೆಯೋದು. ತಂದೆಯ ಅರಳಿದ ಹೂವಿನಿಂದ ಪರಾಗ ಮೆತ್ತಿದ ಶಲಾಕಾಗ್ರ, ಅಂದ್ರೆ ಹೂವಿನ ಹೆಣ್ಣು ಭಾಗದ ತುದಿ, ಕಿತ್ತು, ತಾಯಿ ಮೊಗ್ಗಿನ ಶಲಾಕಾಗ್ರಕ್ಕೆ ಕೊಕ್ಕೆ ಥರ ಸಿಕ್ಕಿಸಿ, ದಳ ಮುಚ್ಚೋದು. ಅಷ್ಟೇ. ತಾಯಿ ಮೊಗ್ಗಿನ ಹತ್ತು ಕೇಸರ, ಅಂದ್ರೆ ಪರಾಗ ಬಿಡೋ ಗಂಡು ಭಾಗ, ಒಂದೊಂದಾಗಿ ಕೀಳೋದು ದಂಡದ ಕೆಲಸ.

ಆದ್ರೆ ಇಲ್ಲೊಂದು ತಲೆನೋವಿದೆ. ಬೀನ್ಸ್ ಪರಾಗ ಹೂ ಅರಳೋಕೆ ಮೊದಲೇ, ಹಿಂದಿನ ರಾತ್ರಿಯೇ ಉದುರಿರುತ್ತೆ. ಮೊಗ್ಗು ಸ್ವಲ್ಪ ಬಲಿತಿತ್ತೋ, ಸ್ವಂತ ಪರಾಗ ಕೂತಾಗಿದೆ. ಕಾಯಿ ಚೆನ್ನಾಗೇ ಕಟ್ಟುತ್ತೆ, ನೋಡಿ ಖುಷಿ ಪಡ್ತೀರಿ. ಕ್ರಾಸ್ ಆಯ್ತಾ ಅಂತ ಬೀಜದ ಬಣ್ಣ ನೋಡಿ ಹೇಳೋಣ ಅಂದ್ರೆ ಅದೂ ಆಗಲ್ಲ, ಯಾಕಂದ್ರೆ ಬೀಜದ ಸಿಪ್ಪೆ ತಾಯಿಯದೇ ಅಂಗಾಂಶ. ಕ್ರಾಸ್ ಆದ್ರೂ ಬಿಳಿ, ಆಗದಿದ್ರೂ ಬಿಳಿ! ಬಿತ್ತಿ, ಸಸಿ ಎದ್ದ ಮೇಲೆ ಕಾಂಡದ ಬುಡ ನೋಡಬೇಕು. ನೇರಳೆ ಇದ್ರೆ ತಂದೆ ಬಂದಿದ್ದಾನೆ. ಬರೀ ಹಸಿರಾದ್ರೆ ಕಿತ್ತೆಸೀರಿ. ತಡೀರಿ, ಮಾತು ಬದಲಾಯಿಸ್ತೀನಿ. ತಂದೆ ತಾಯಿ ಎರಡೂ ಬಿಳಿ ಹೂವಿನ ಗಿಡ್ಡ ತಳಿಯಾದ್ರೆ ಗುರುತೇ ಸಿಗಲ್ಲ. ಆಗ ಹಸಿ ಮೊಗ್ಗಲ್ಲೇ ಹತ್ತೂ ಕೇಸರ ಕೀಳಿ, ದಂಡ ಗಿಂಡ ಅನ್ಬೇಡಿ. ಕ್ರಾಸ್ ಮಾಡಿದ ಹೂವಿಗೆ ಕಟ್ಟೋ ಚೀಟೀಲಿ ಪೆನ್ಸಿಲಲ್ಲೇ ಬರೀರಿ, ಪೆನ್ ಶಾಯಿ ಇಬ್ಬನಿಗೇ ಹೋಗುತ್ತೆ. ಹೂಮಳೆ ಬಂದ್ರೆ ಕಾಫಿಯವರಿಗೆ ಹಬ್ಬ, ಕ್ರಾಸ್ ಮಾಡಿದ ಹೂವಿಗೆ ಅದೇ ಶನಿ.

ಅಯ್ಯೋ ಜೀಪ್ ಬಂತು. ಹೋಗ್ಲಿ.

ತುಕ್ಕು ಪರೀಕ್ಷೆ ಎರಡನೇ ತಲೆಮಾರಲ್ಲಿ, ಅಂದ್ರೆ ಕ್ರಾಸ್ ಗಿಡ ಕೊಟ್ಟ ಬೀಜದ ಸಸಿಗಳಲ್ಲಿ. ಕಂದು ಪುಡಿ ಕಾಗದಕ್ಕೆ ತಟ್ಟಿ, ನೀರಿಗೆ ಪುಡಿ ನೀರಲ್ಲಿ ಬೆರೆಯೋಕೆ ಸೋಪಿನ ಥರದ ಟ್ವೀನ್-20 ಒಂದು ಹನಿ ಹಾಕಿ ಕದಡಿ, ಸಸಿಯ ಮೊದಲ ಜೋಡಿ ಎಲೆ ಅರ್ಧ ಬೆಳೆದಿರುವಾಗ ಅಡಿಗೂ ಸಿಂಪಡಿಸಿ. ಸುಮಾರು 16 ಗಂಟೆ ಪಾಲಿಥೀನ್ ಒಳಗೆ ತೇವ, ಉಷ್ಣಾಂಶ 20 ಡಿಗ್ರಿ ಆಸುಪಾಸು. ಎರಡು ವಾರಕ್ಕೆ ಗುಳ್ಳೆ ಅಳೀರಿ. 0.3 ಮಿಲಿಮೀಟರಿಗಿಂತ ಚಿಕ್ಕದಾದ್ರೆ, ಅಥವಾ ಬರೀ ಒಣಚುಕ್ಕೆ ಆದ್ರೆ, ಗಿಡ ತಡೆಯುತ್ತೆ ಅಂತ. ಒಂದೇ ಪ್ರಬಲ ಜೀನ್ ಇದ್ರೆ ನಾಲ್ಕರಲ್ಲಿ ಮೂರು ಸಸಿ ಪಾಸಾಗಬೇಕು. ಆದ್ರೆ ತುಕ್ಕಿನ ಶಿಲೀಂಧ್ರದಲ್ಲೇ ಬಗೆ ಹತ್ತಾರು, ಒಂದು ಜೀನ್ ನಂಬಿ ಕೂರಬೇಡಿ. ಯುಆರ್-3, ಯುಆರ್-11 ಥರ ತುಕ್ಕು ತಡೆಯೋ ಜೀನ್ ಎರಡು ಮೂರು ಒಂದೇ ಗಿಡಕ್ಕೆ ತಂದ್ರೆ ಬಾಳಿಕೆ ಬರುತ್ತೆ.

ಕಪ್ಪು ಬೀಜದ ಬಳ್ಳಿಯ ನಾರುಕಾಯಿ ಸಂತೇಲಿ ಯಾರೂ ಮುಟ್ಟಲ್ಲ. ಹಾಗಾಗಿ ಪಾಸಾದ ಗಿಡವನ್ನ ಮತ್ತೆ ತಾಯಿ ತಳಿಗೇ ಕ್ರಾಸ್ ಮಾಡಬೇಕು. ತಾಯಿಯ ಪಾಲು ಸರಾಸರಿ 75, ಆಮೇಲೆ 87.5, ಆಮೇಲೆ 93.75 ಶೇಕಡಾ. ಪ್ರತಿ ಸಲವೂ ತುಕ್ಕು ಪರೀಕ್ಷೆ ತಪ್ಪಿಸೋ ಹಾಗಿಲ್ಲ. ಇಷ್ಟು ತಾಳ್ಮೆ ಇಲ್ಲದವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನೂಪ್ ತಳಿ ಇದೆ, ಅರ್ಕಾ ಬೋಲ್ಡ್ ಮತ್ತು ಅರ್ಕಾ ಕೋಮಲ್ ಕ್ರಾಸು. ತುಕ್ಕು, ಬ್ಯಾಕ್ಟೀರಿಯಾ ಅಂಗಮಾರಿ ಎರಡನ್ನೂ ತಡೆಯುತ್ತೆ. ಆ ಸಂಸ್ಥೆಯ ಕೇಂದ್ರ ನಮ್ಮ ಕೊಡಗಿನ ಚೆಟ್ಟಳ್ಳೀಲೇ ಇದೆ.

ಮೆಮೊರಿ ಕಾರ್ಡ್ ತುಂಬ್ತು ಅಂತಿದೆ. ಬೇಗ ಹೇಳ್ಬಿಡ್ತೀನಿ: ಕಾಯಿ ಮೇಲೆ ಗುಳಿಬಿದ್ದ ಕಪ್ಪು ಕಲೆ ಕಂಡ್ರೆ ಅದು ಚಿಬ್ಬು ರೋಗ, ಬೀಜದೊಳಗೇ ಸಾಗುತ್ತೆ. ಆ ಕಾಯೀನ ಬೀಜಕ್ಕೆ ಇಡಬೇಡಿ, ತುಕ್ಕು ಪರೀಕ್ಷೇಲಿ ಪಾಸಾಗಿದ್ರೂ.